ಹಕ್ಕಿಗಳಿಗೆ ಉಂಗುರ ಹಾಕುವ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಹೋಗಬೇಕು ಅಂತಿದ್ದೇನೆ, ಹೋಗಿ ಬಂದವರು ಯಾರಾದ್ರೂ ಇದ್ದೀರಾ?

ಸಿಂಧನೂರು ಸಿಪಿಲೆ
ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೇನೆ. ತಮಿಳುನಾಡಿನ ಕರಾವಳಿಯಲ್ಲಿ ವಲಸೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಡುವ ಶಿಬಿರ ಒಂದಿದೆ. ಚಳಿಗಾಲಕ್ಕೆ ಸ್ವಯಂಸೇವಕರು ಬೇಕಂತೆ, ಕಾಲೇಜಿನ ಮೇಡಂ ಹೇಳಿದರು. ಸಂಬಳ ಇಲ್ಲ. ಊಟ, ವಸತಿ ಅವರದು. ಹೋಗಿ ಬರುವ ಖರ್ಚು ನಮ್ಮದು.

ಅಪ್ಪನಿಗೆ ಹೇಳಿದೆ. "ಡಿಗ್ರಿ ಓದಿಸಿದ್ದು ಹಕ್ಕಿ ಹಿಡಿಯೋಕಾ?" ಅಂದರು. ಅವರನ್ನು ಒಪ್ಪಿಸಬೇಕು ಅಂದ್ರೆ ಮೊದಲು ನನಗೇ ಸರಿಯಾಗಿ ಗೊತ್ತಿರಬೇಕು ಅಲ್ವಾ? ಅಲ್ಲಿ ಬೆಳಗಿಂದ ಸಂಜೆವರೆಗೆ ಏನು ಕೆಲಸ ಇರುತ್ತದೆ? ಹೊಸಬರ ಕೈಗೆ ಹಕ್ಕಿ ಕೊಡುತ್ತಾರಾ? ಹೆಣ್ಣುಮಕ್ಕಳಿಗೆ ಉಳಿಯೋಕೆ ವ್ಯವಸ್ಥೆ ಹೇಗಿರುತ್ತದೆ? ಇಷ್ಟೆಲ್ಲ ಮಾಡಿ ಉಂಗುರದಿಂದ ಗೊತ್ತಾಗೋದಾದರೂ ಏನು?

ಮಸ್ಕಿ ಮಂದಿ
ಉಂಗುರ ಹಾಕೋದು ಅಂದ ತಕ್ಷಣ ನಿಮ್ಮಪ್ಪ ನಿಶ್ಚಿತಾರ್ಥ ಅಂತ ಖುಷಿಪಟ್ಟಿರಬೇಕು ನೋಡಿ.

ಸಿಂಧನೂರು ಸಿಪಿಲೆ
@ಮಸ್ಕಿ ಮಂದಿ ಅದೇ ವಿಷಯ ಎತ್ತಿದರು ಅಣ್ಣ, ಕಿಚ್ಚು ಹಚ್ಚಬೇಡಿ 😄

ಕೊಪ್ಪಳ ಕಾಜಾಣ
ತಂಗಿ, ನಾನು ಅಂಥ ಶಿಬಿರಗಳಲ್ಲಿ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿಕೋ.

ಬೆಳಕು ಹರಿಯುವ ಮೊದಲೇ ಏಳಬೇಕು. ಕತ್ತಲಲ್ಲೇ ಹೋಗಿ ಬಲೆ ಬಿಚ್ಚಬೇಕು. ಮಿಸ್ಟ್ ನೆಟ್ ಅಂತಾರೆ, ಕೂದಲಿನಷ್ಟು ಸಣ್ಣ ನೂಲಿನದು. ಎರಡು ಕಂಬದ ನಡುವೆ ಕಟ್ಟಿರುತ್ತಾರೆ, ಪೊದೆಯ ಹಿನ್ನೆಲೆಯಲ್ಲಿ ಕಣ್ಣಿಗೇ ಬೀಳಲ್ಲ. ಅಡ್ಡಕ್ಕೆ ಮೂರ್ನಾಲ್ಕು ದಪ್ಪ ದಾರ ಇರುತ್ತವೆ, ನಡುವಿನ ಬಲೆ ಜೋಳಿಗೆಯ ಹಾಗೆ ಸಡಿಲ ಬಿದ್ದಿರುತ್ತದೆ. ಹಕ್ಕಿ ಬಡಿದು ಆ ಜೋಳಿಗೆಯೊಳಗೆ ಬೀಳುತ್ತದೆ. ಇಪ್ಪತ್ತು, ಹೆಚ್ಚೆಂದರೆ ಮೂವತ್ತು ನಿಮಿಷಕ್ಕೊಮ್ಮೆ ಎಲ್ಲ ಬಲೆಗಳನ್ನೂ ಸುತ್ತಿ ನೋಡಿ ಬರಬೇಕು. ಬಿಸಿಲು ಏರಿದರೆ, ಗಾಳಿ ಜೋರಾದರೆ, ಮಳೆ ಬಂದರೆ ಬಲೆ ಮುಚ್ಚಬೇಕು. ಆಮೇಲೆ ಸಂಜೆ ತಂಪಾದಾಗ ಮತ್ತೆ.

ಹೊಸಬರಿಗೆ ಮೊದಲ ದಿನವೇ ಹಕ್ಕಿ ಕೊಡಲ್ಲ. ಕೊಡಲೂಬಾರದು. ನಿನ್ನ ಪಾಲಿಗೆ ಬರೋದು ಬರವಣಿಗೆ. ಒಳಗೆ ಕೂತು ಉಂಗುರ ಹಾಕುವವರು ಕೂಗುತ್ತಾರೆ, ನೀನು ಬರೆಯಬೇಕು. ಉಂಗುರದ ಸಂಖ್ಯೆ, ಜಾತಿ, ವಯಸ್ಸು, ರೆಕ್ಕೆಯ ಉದ್ದ, ಕಾಲಿನ ಉದ್ದ, ತೂಕ, ಕೊಬ್ಬು, ಗರಿ ಉದುರುತ್ತಿದೆಯಾ ಇಲ್ಲವಾ, ಬಲೆಯ ಸಂಖ್ಯೆ, ಹೊತ್ತು. ಬರೆದಿದ್ದನ್ನು ವಾಪಸ್ ಓದಿ ಹೇಳಬೇಕು. ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಆ ಹಕ್ಕಿಯ ಕಥೆ ಅಲ್ಲಿಗೆ ಮುಗೀತು. ಸೈಬೀರಿಯಾದಲ್ಲಿ ಯಾರಿಗೋ ಸಿಕ್ಕರೂ ಯಾವ ಹಕ್ಕಿ ಅಂತ ಗೊತ್ತಾಗಲ್ಲ.

ಉಳಿದ ಹೊತ್ತು ಕಂಬ ಹೊರೋದು, ಬಲೆಗೆ ಸಿಕ್ಕ ಎಲೆ ಕಡ್ಡಿ ಬಿಡಿಸೋದು, ಚೀಲ ತೊಳೆಯೋದು. ಒಂದು ಚೀಲಕ್ಕೆ ಒಂದೇ ಹಕ್ಕಿ. ಬಟ್ಟೆ ಚೀಲ ತಿರುವಿ ಹಾಕಿರುತ್ತಾರೆ, ಹೊಲಿಗೆ ಹೊರಗೆ ಬರುವ ಹಾಗೆ. ಇಲ್ಲದಿದ್ರೆ ಒಳಗಿನ ನೂಲಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಹಕ್ಕಿ ಒಳಗೆ ಹಿಕ್ಕೆ ಹಾಕಿರುತ್ತದೆ. ದಿನಾ ತೊಳೆಯಬೇಕು.

ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಕೊಡುತ್ತಾರೆ. ಆದರೂ ಹೋಗುವ ಮುಂಚೆ ಫೋನ್ ಮಾಡಿ ನೇರವಾಗಿ ಕೇಳು. ಶೌಚಾಲಯ ಎಲ್ಲಿದೆ, ಜೊತೆಗೆ ಇನ್ನೆಷ್ಟು ಹುಡುಗಿಯರಿದ್ದಾರೆ, ರಾತ್ರಿ ಬಲೆ ಹಾಕಿದರೆ ಯಾರ ಜೊತೆ ಹೋಗಬೇಕು. ಕೇಳೋಕೆ ನಾಚಿಕೆ ಬೇಡ. ಸರಿಯಾಗಿ ಉತ್ತರ ಕೊಡದವರ ಹತ್ತಿರ ಹೋಗಲೇಬೇಡ.

ಬಳ್ಳಾರಿ ಬಿಸಿಲು
ಕೇಳೋಕೆ ಚೆನ್ನಾಗಿದೆ ಅಕ್ಕ. ಆದ್ರೆ ಸಾವಿರಾರು ಕಿಲೋಮೀಟರ್ ಹಾರಿ ಸುಸ್ತಾಗಿ ಬಂದ ಹಕ್ಕಿಯನ್ನು ಬಲೆಗೆ ಕೆಡವಿ, ಚೀಲಕ್ಕೆ ತುಂಬಿ, ಹೊಟ್ಟೆ ಮೇಲೆ ಊದಿ, ತೂಗಿ, ಕಾಲಿಗೆ ಬೇಡಿ ಹಾಕಿ ಕಳಿಸೋದು ಯಾವ ಪ್ರೀತಿ? ಬೇಟೆಗಾರ ಹಿಡಿದರೆ ಅಪರಾಧ, ವಿಜ್ಞಾನಿ ಹಿಡಿದರೆ ಸಂಶೋಧನೆ. ಈಗ ಜಿಪಿಎಸ್ ಇದೆಯಲ್ಲ, ಅದನ್ನು ಬಳಸಲಿ.

ತೋರಣಗಲ್ಲು ಟೆಕ್ಕಿ
ಜಿಪಿಎಸ್ ಕಟ್ಟೋಕೂ ಹಕ್ಕಿ ಹಿಡಿಯಲೇಬೇಕು ಗುರುವೇ. ಅದು ತಾನಾಗಿ ಬಂದು ಕಟ್ಟಿಸಿಕೊಳ್ಳಲ್ಲ.

ಇನ್ನೊಂದು, ತೂಕದ ಲೆಕ್ಕ ನೋಡಿ. ಹಕ್ಕಿಯ ಮೇಲೆ ಹೊರಿಸುವ ಭಾರ ಅದರ ತೂಕದ ಶೇ. 3 ದಾಟಬಾರದು ಅನ್ನೋದು ಸಾಮಾನ್ಯವಾಗಿ ಪಾಲಿಸುವ ಮಿತಿ. ನಮ್ಮ ಬೇಲಿಯಲ್ಲಿ ಚಳಿಗಾಲಕ್ಕೆ ಬರುವ ಉಲಿಯಕ್ಕಿ ತೂಗೋದೇ 10-12 ಗ್ರಾಂ. ಅದರ ಶೇ. 3 ಅಂದ್ರೆ ಅರ್ಧ ಗ್ರಾಮೂ ಇಲ್ಲ. ಹೆಬ್ಬಾತಿಗೆ, ಹದ್ದಿಗೆ ಉಪಗ್ರಹದ ಯಂತ್ರ ಕಟ್ಟಬಹುದು. ಉಲಿಯಕ್ಕಿಗೆ ಅಲ್ಯೂಮಿನಿಯಂ ಉಂಗುರವೇ ಗತಿ. ಬೆಲೆಯಲ್ಲೂ ಅಜಗಜಾಂತರ.

ಬಳ್ಳಾರಿ ಬಿಸಿಲು
ಹಾಗಾದ್ರೆ ಬಲೆಯಲ್ಲಿ ಸಾಯುವ ಹಕ್ಕಿಗಳ ಲೆಕ್ಕ ಯಾರು ಕೊಡ್ತಾರೆ? ಅದನ್ನು ಯಾರೂ ಬಾಯಿ ಬಿಡಲ್ಲ.

ಕೊಪ್ಪಳ ಕಾಜಾಣ
ಬಿಟ್ಟಿದ್ದಾರೆ. ಅಮೆರಿಕ, ಕೆನಡಾದ 22 ಸಂಸ್ಥೆಗಳ ದಾಖಲೆ ಸೇರಿಸಿ 2012ರಲ್ಲಿ ಒಂದು ಅಧ್ಯಯನ ಬಂತು. ಆರು ಲಕ್ಷಕ್ಕೂ ಹೆಚ್ಚು ಸಲ ಹಕ್ಕಿ ಹಿಡಿದ ಲೆಕ್ಕ ಅದು. ಗಾಯ ಶೇ. 0.59, ಸಾವು ಶೇ. 0.23. ಅಂದರೆ ಸಾವಿರಕ್ಕೆ ಆರು ಗಾಯ, ಎರಡಕ್ಕಿಂತ ಸ್ವಲ್ಪ ಜಾಸ್ತಿ ಸಾವು. ಸೊನ್ನೆ ಅಂತ ನಾನು ಹೇಳಲ್ಲ. ಸೊನ್ನೆ ಅಂತ ಹೇಳುವವರನ್ನು ನಂಬಲೂ ಬಾರದು.

ಬಳ್ಳಾರಿ ಬಿಸಿಲು
ಅದು ಅಲ್ಲಿನ ಲೆಕ್ಕ. ಅಲ್ಲಿನ ತಂಪು ಬೇರೆ, ಇಲ್ಲಿನ ಬಿಸಿಲು ಬೇರೆ. ನಮ್ಮ ದೇಶದ ಪ್ರತಿ ಶಿಬಿರವೂ ತನ್ನ ಲೆಕ್ಕವನ್ನು ಬಹಿರಂಗವಾಗಿ ಇಡಲಿ, ಆಮೇಲೆ ಮಾತಾಡೋಣ.

ಕೊಪ್ಪಳ ಕಾಜಾಣ
ಈ ಮಾತಿಗೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ ಇದೆ.

ಮಾನ್ವಿ ಮೇಷ್ಟ್ರು
ಬಿಸಿಲು ಅವರೇ, ಕಾನೂನಿನ ವಿಷಯಕ್ಕೆ ಒಂದು ಮಾತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲೋದಷ್ಟೇ ಅಲ್ಲ, ಹಿಡಿಯೋದು, ಬಲೆ ಹಾಕೋದು ಎಲ್ಲ ಬರುತ್ತದೆ. ವಿಜ್ಞಾನಿಯಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಸಿಪಿಲೆ ಅವರು ಶಿಬಿರಕ್ಕೆ ಹೋಗುವ ಮುಂಚೆ ಅನುಮತಿ ಪತ್ರದ ಬಗ್ಗೆ ಕೇಳಲಿ. ಒಳ್ಳೆಯ ಶಿಬಿರದವರಿಗೆ ಈ ಪ್ರಶ್ನೆಯಿಂದ ಬೇಜಾರಾಗಲ್ಲ.

ಇನ್ನು ಇತಿಹಾಸ. ಹಿಂದೆ ಯುರೋಪಿನಲ್ಲಿ ಚಳಿಗಾಲಕ್ಕೆ ಹಕ್ಕಿಗಳು ಎಲ್ಲಿ ಮಾಯವಾಗುತ್ತವೆ ಅನ್ನೋದೇ ಜನಕ್ಕೆ ಗೊತ್ತಿರಲಿಲ್ಲ. 1822ರಲ್ಲಿ ಜರ್ಮನಿಯಲ್ಲಿ ಒಂದು ಕೊಕ್ಕರೆ ಸಿಕ್ಕಿತು. ಕುತ್ತಿಗೆಯಲ್ಲಿ ಆಫ್ರಿಕಾದ ಈಟಿ ಚುಚ್ಚಿಕೊಂಡೇ ಅಷ್ಟು ದೂರ ಹಾರಿ ಬಂದಿತ್ತು ಪಾಪ. ಅದೇ ಆ ಕಾಲದ ಪುರಾವೆ. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸನ್ ಎಂಬ ಮೇಷ್ಟ್ರು (ನಮ್ಮ ವೃತ್ತಿಯವರೇ!) 165 ಕಬ್ಬಕ್ಕಿಗಳ ಕಾಲಿಗೆ ಸಂಖ್ಯೆ, ವಿಳಾಸ ಇದ್ದ ಅಲ್ಯೂಮಿನಿಯಂ ಉಂಗುರ ಹಾಕಿದರು. ಈಗಿನ ಪದ್ಧತಿ ಶುರುವಾಗಿದ್ದು ಅಲ್ಲಿಂದ. ಈಟಿಗಿಂತ ಉಂಗುರ ವಾಸಿ ಅಲ್ವಾ ಬಿಸಿಲು ಅವರೇ?

ಬಳ್ಳಾರಿ ಬಿಸಿಲು
ಮೇಷ್ಟ್ರೇ, ಈಟಿಗೆ ಹೋಲಿಸಿದರೆ ಎಲ್ಲವೂ ವಾಸಿಯೇ. ವಾದ ಅಂದ್ರೆ ಹೀಗಾ?

ಗಂಗಾವತಿ ಗದ್ದೆ
ಒಂದು ಪ್ರಶ್ನೆ. ಉಂಗುರ ಹಾಕಿದ ಮೇಲೆ ಹಕ್ಕಿ ಭತ್ತ ತಿನ್ನೋದು ಬಿಡುತ್ತದಾ? ಬಿಟ್ಟರೆ ಹೇಳಿ, ಒಂದು ಮೂಟೆ ಉಂಗುರ ನಾನೇ ಕೊಡಿಸುತ್ತೇನೆ.

ನಮ್ಮ ಸಂಬಂಧಿಕರ ಹೊಲ ಸಿರುಗುಪ್ಪ ಕಡೆ ಎರೆಭೂಮಿ. ಹಿಂಗಾರಿ ಜೋಳ ಹಾಲು ತುಂಬೋ ಹೊತ್ತಿಗೆ ಸರಿಯಾಗಿ ಬಂದು ಇಳಿಯುತ್ತವೆ, ಆ ಗುಲಾಬಿ ಬಣ್ಣದ ಕಬ್ಬಕ್ಕಿಗಳು. ಮೋಡ ಬಂದ ಹಾಗೆ. ಹುಡುಗರು ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿ ಬೀಸಿ ರಟ್ಟೆ ಬಿದ್ದು ಹೋಗುತ್ತದೆ. ಪಟ್ಟಣದವರಿಗೆ ಅದರ ವಿಡಿಯೊ ಚಂದ.

ಮಾನ್ವಿ ಮೇಷ್ಟ್ರು
ಗದ್ದೆ ಅಣ್ಣ, ಆ ಹಕ್ಕಿ ಮರಿ ಮಾಡೋದು ಮಧ್ಯ ಏಷ್ಯಾದಲ್ಲಿ. ಅಲ್ಲಿ ಅದರ ಮುಖ್ಯ ಆಹಾರ ಮಿಡತೆ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ಕಾಟ ತಡೆಯೋಕೆ ಈ ಹಕ್ಕಿಗಳಿಗೆ ಅಂತಲೇ ಕಲ್ಲು ಜೋಡಿಸಿ ಗೂಡು ಕಟ್ಟಿಸಿದ್ದಾರೆ. ಅಲ್ಲಿನ ರೈತರಿಗೆ ದೇವರು, ನಮ್ಮವರಿಗೆ ಶನಿ. ಹಕ್ಕಿ ಒಂದೇ.

ಗಂಗಾವತಿ ಗದ್ದೆ
ಹಾಗಾದ್ರೆ ಚಳಿಗಾಲದಲ್ಲೂ ಅಲ್ಲೇ ಇಟ್ಟುಕೊಳ್ಳಲಿ ಸರ್, ನಮ್ಮದೇನೂ ಅಭ್ಯಂತರ ಇಲ್ಲ.

ಮಸ್ಕಿ ಮಂದಿ
😂😂 ಗದ್ದೆ ಅಣ್ಣಂದು ಪಾಯಿಂಟ್ ಇದೆ.

ಸಂಡೂರು ಸವಾರ
ಸಿಪಿಲೆ ಅವರೇ, ಹೋದ್ರೆ ಹಕ್ಕಿ ಕೈಯಲ್ಲಿ ಹಿಡಿದು ಒಳ್ಳೊಳ್ಳೆ ಫೋಟೊ ಸಿಗುತ್ತವೆ. ದರೋಜಿಯಲ್ಲಿ ದಿನವಿಡೀ ಕಾದರೂ ಹಳದಿ ಕತ್ತಿನ ಪಿಕಳಾರ ಎರಡು ಸೆಕೆಂಡ್ ನಿಲ್ಲಲ್ಲ. ಅಲ್ಲಿ ಕೈಯಲ್ಲೇ ಇರುತ್ತದೆ. ನಾನೂ ಬರಬಹುದಾ, ಕ್ಯಾಮೆರಾ ಜೊತೆ?

ಕೊಪ್ಪಳ ಕಾಜಾಣ
ಬರಬೇಡಿ. ಫೋಟೊಗೋಸ್ಕರ ಬರುವವರಿಂದಲೇ ಅರ್ಧ ತಲೆನೋವು. ಹಕ್ಕಿ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೋ ಅಷ್ಟೂ ಅದಕ್ಕೆ ಹಿಂಸೆ. ದಾಖಲೆಗೆ ರೆಕ್ಕೆ, ಬಾಲದ ಫೋಟೊ ತೆಗೆಯುತ್ತಾರೆ, ಮುಗೀತು. ಸೆಲ್ಫಿಗೆ ಹಲ್ಲು ಕಿರಿಯುವ ಹೊತ್ತಿಗೆ ಬಲೆಯಲ್ಲಿ ಇನ್ನೊಂದು ಬಿಸಿಲಿಗೆ ಒಣಗುತ್ತಿರುತ್ತದೆ.

ಸಂಡೂರು ಸವಾರ
ಸುಮ್ನೆ ಕೇಳಿದ್ದಕ್ಕೆ ಇಷ್ಟು ಖಾರ ಯಾಕೆ ಮೇಡಂ.

ಸಿಂಧನೂರು ಸಿಪಿಲೆ
ಅಕ್ಕ, "ಹೊಟ್ಟೆ ಮೇಲೆ ಊದಿ" ಅಂತ ಬಿಸಿಲು ಅವರು ಬರೆದಿದ್ದಾರಲ್ಲ, ಅದು ಯಾಕೆ?

ಕೊಪ್ಪಳ ಕಾಜಾಣ
ಕೊಬ್ಬು ನೋಡೋಕೆ. ಅಂಗೈಯಲ್ಲಿ ಹಕ್ಕಿಯನ್ನು ಅಂಗಾತ ಇಟ್ಟು, ಕುತ್ತಿಗೆ ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಬರುವ ಹಾಗೆ ಹಿಡಿಯುತ್ತಾರೆ. ಬಿಗಿ ಹಿಡಿಯಲ್ಲ, ಎದೆ ಆಡೋಕೆ ಜಾಗ ಇರಬೇಕು. ಹಕ್ಕಿ ಉಸಿರಾಡೋದು ಎದೆ ಎತ್ತಿ ಇಳಿಸಿ. ಎದೆ ಅದುಮಿದರೆ ಸತ್ತೇ ಹೋಗುತ್ತದೆ. ಆಮೇಲೆ ಮೆಲ್ಲಗೆ ಊದಿದರೆ ಗರಿ ಎರಡು ಭಾಗವಾಗಿ ಚರ್ಮ ಕಾಣುತ್ತದೆ. ಚರ್ಮ ಎಷ್ಟು ತೆಳು ಅಂದ್ರೆ ಒಳಗಿನ ಕೆಂಪು ಮಾಂಸ ಕಾಣುತ್ತದೆ. ಗಂಟಲ ಕೆಳಗೆ ಮೂಳೆಗಳ ನಡುವೆ ಒಂದು ಗುಳಿ ಇದೆ. ದೂರ ಹಾರೋಕೆ ಸಿದ್ಧವಾದ ಹಕ್ಕಿಯಲ್ಲಿ ಆ ಗುಳಿ ಹಳದಿ ಕೊಬ್ಬಿನಿಂದ ತುಂಬಿ ಉಬ್ಬಿರುತ್ತದೆ. ಈಗಷ್ಟೇ ಬಂದು ಇಳಿದದ್ದಾದರೆ ಗುಳಿ ಖಾಲಿ, ಎದೆಮೂಳೆ ಕೈಗೆ ಚುಚ್ಚುತ್ತದೆ. ಅದಕ್ಕೆ ಸಂಖ್ಯೆ ಕೊಟ್ಟು ಬರೆಯುತ್ತಾರೆ. ಮೊಟ್ಟೆಗೆ ಕಾವು ಕೊಡುವ ಕಾಲವಾದರೆ ಹೊಟ್ಟೆಯ ಗರಿ ಉದುರಿ ಬೋಳಾಗಿರುತ್ತದೆ, ಅದೂ ಹೀಗೆ ಊದಿದಾಗಲೇ ಕಾಣೋದು.

ಎಷ್ಟು ಕೊಬ್ಬು, ಎಷ್ಟು ತೂಕ ಅನ್ನೋದರಿಂದ ಆ ಕೆರೆ, ಆ ಉಪ್ಪುಗದ್ದೆ ಹಕ್ಕಿಗೆ ಸರಿಯಾಗಿ ಊಟ ಕೊಡ್ತಿದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ. ದೂರದಿಂದ ಬೈನಾಕ್ಯುಲರ್‌ನಲ್ಲಿ ಎಣಿಸಿದರೆ ಸಂಖ್ಯೆ ಸಿಗಬಹುದು, ಇದು ಸಿಗಲ್ಲ.

ಲಿಂಗಸುಗೂರು ಲಾವಕ್ಕಿ
ಕಚ್ಚಲ್ವಾ?

ಕೊಪ್ಪಳ ಕಾಜಾಣ
ಕಚ್ಚದೆ ಏನು! ಕಳಿಂಗ ಹಕ್ಕಿ ಕಚ್ಚಿದರೆ ರಕ್ತ ಬರುತ್ತದೆ. ಗಿಳಿ ಸಿಕ್ಕಿದರೆ ನಮ್ಮ ಹಳಬರೂ ಒಬ್ಬರ ಮುಖ ಒಬ್ಬರು ನೋಡ್ತಾರೆ, ಯಾರು ಬಿಡಿಸೋದು ಅಂತ.

ಕುಷ್ಟಗಿ ದಾಳಿಂಬೆ
ನನಗೆ ಈ ಶಿಬಿರ ಗಿಬಿರ ಬೇಡ, ಒಂದು ಉಪಕಾರ ಮಾಡಿ. ನಮ್ಮ ದಾಳಿಂಬೆ ತೋಟಕ್ಕೆ ಹಕ್ಕಿ ಬಲೆ ಹೊದಿಸಿದ್ದೇವೆ. ಪಿಕಳಾರ, ಕಾಜಾಣ ಬಂದು ಸಿಕ್ಕಿಹಾಕಿಕೊಂಡು ಒದ್ದಾಡುತ್ತವೆ. ಆಳುಗಳು ಎಳೆದು ಬಿಡಿಸೋಕೆ ಹೋಗಿ ಕಾಲು ಮುರಿಯುತ್ತಾರೆ. ನೋಡೋಕಾಗಲ್ಲ. ಬಿಡಿಸುವ ಸರಿಯಾದ ಕ್ರಮ ಏನು?

ಕೊಪ್ಪಳ ಕಾಜಾಣ
ಒಳ್ಳೆ ಪ್ರಶ್ನೆ ಅಣ್ಣಾರ. ಮೊದಲು ಹಕ್ಕಿ ಬಲೆಯ ಯಾವ ಕಡೆಯಿಂದ ಬಂದಿದೆ ನೋಡಿ. ಬಂದ ಕಡೆಯಿಂದಲೇ ತೆಗೆಯಬೇಕು, ಆಚೆ ಕಡೆಯಿಂದ ಎಳೆದರೆ ಇನ್ನಷ್ಟು ಸುತ್ತಿಕೊಳ್ಳುತ್ತದೆ. ಕೊನೆಗೆ ಸಿಕ್ಕ ಅಂಗವನ್ನು ಮೊದಲು ಬಿಡಿಸಿ, ಸಾಮಾನ್ಯವಾಗಿ ಅದು ಕಾಲು. ಕಾಲನ್ನು ಪಾದದ ಹತ್ತಿರ ಹಿಡಿದು ಎಳೆಯಬೇಡಿ, ತೊಡೆಯ ಹತ್ತಿರ ಹಿಡಿಯಿರಿ. ಆಮೇಲೆ ಮೈಯನ್ನು ಅಂಗೈಯಲ್ಲಿ ಹಿಡಿದು ಒಂದೊಂದೇ ರೆಕ್ಕೆ, ಕೊನೆಗೆ ತಲೆ. ನೂಲನ್ನು ಗರಿಯ ಮೇಲಿಂದ ಜಾರಿಸಬೇಕು, ಗರಿಯನ್ನು ನೂಲಿನಿಂದ ಎಳೆಯೋದಲ್ಲ.

ಪಿಕಳಾರದ ಬಾಯಿ ತೆರೆದು ನೋಡಿ. ಹಕ್ಕಿಯ ನಾಲಿಗೆಯ ಹಿಂದೆ ಸಣ್ಣ ಮುಳ್ಳಿನ ಥರ ಇರುತ್ತವೆ, ನೂಲು ಅಲ್ಲಿಗೆ ಸಿಕ್ಕಿದರೆ ಎಳೆದಷ್ಟೂ ಬಿಗಿ. ಹಾಗಾದಾಗ ಯೋಚನೆ ಮಾಡದೆ ಕತ್ತರಿ ಹಾಕಿ ನೂಲು ಕತ್ತರಿಸಿ. ಬಲೆ ಹೋದರೆ ಹೊಲಿಯಬಹುದು.

ಬಲೆಯನ್ನು ಸಡಿಲ ಬಿಡಬೇಡಿ, ಬಿಗಿ ಎಳೆದು ಕಟ್ಟಿ. ಸಡಿಲ ಇದ್ದರೇ ಜಾಸ್ತಿ ಸಿಕ್ಕಿಕೊಳ್ಳೋದು. ನೆಲದ ಹತ್ತಿರ ಮಡಿಕೆ ಬಿದ್ದಿದ್ದರೆ ಮೊದಲು ಅದನ್ನು ಎತ್ತಿ.

ಕುಷ್ಟಗಿ ದಾಳಿಂಬೆ
ಕತ್ತರಿ ತೋಟದ ಮನೆಯಲ್ಲೇ ನೇತು ಹಾಕಿಸುತ್ತೇನೆ. ಉಪಕಾರ ಆಯ್ತು ಅಕ್ಕ.

ಯಲಬುರ್ಗಾ ಯುವಕ
ಇಷ್ಟೇ ಕೆಲಸ ಅಂದ್ರೆ ಆನ್‌ಲೈನ್‌ನಲ್ಲಿ ಬಲೆ ತರಿಸಿ ನಮ್ಮ ಹೊಲದಲ್ಲೇ ಕಲಿಯಬಹುದಲ್ಲ? ಯೂಟ್ಯೂಬ್‌ನಲ್ಲಿ ಎಲ್ಲಾ ಇದೆ.

ಮಾನ್ವಿ ಮೇಷ್ಟ್ರು
ತಮ್ಮಾ, ಮೇಲೆ ಕಾನೂನು ಬರೆದಿದ್ದು ಓದಲಿಲ್ವಾ? ಹೊಲ ನಿನ್ನದೇ ಇರಬಹುದು, ಹಕ್ಕಿ ನಿನ್ನದಲ್ಲ. ಕೇಸು ಬೀಳುತ್ತದೆ.

ವೇದಿಕೆ ಮೇಲ್ವಿಚಾರಕ
ಬಲೆ ಎಲ್ಲಿ ಸಿಗುತ್ತದೆ ಎಂದು ಇಲ್ಲಿ ಯಾರೂ ಕೇಳಬೇಡಿ, ಯಾರೂ ಹೇಳಬೇಡಿ. ಅಂಥ ಒಂದು ಉತ್ತರ ಅಳಿಸಿದ್ದೇನೆ.

ಹಿನ್ನೀರು
ಇಷ್ಟೊತ್ತು ಓದುತ್ತಾ ಕೂತಿದ್ದೆ. ಎಲ್ಲರೂ ಉಂಗುರ ಹಾಕುವವರ ಬಗ್ಗೆ ಮಾತಾಡ್ತಿದ್ದೀರಿ. ಉಂಗುರ ಓದುವವರು ಬೇಡವಾ? ಹಾಕಿದ ಉಂಗುರ ಯಾರೂ ನೋಡದಿದ್ದರೆ ಅದಕ್ಕೆ ಏನು ಬೆಲೆ? ಸಣ್ಣ ಹಕ್ಕಿಗಳಲ್ಲಂತೂ ನೂರಕ್ಕೆ ಒಂದು ಮತ್ತೆಲ್ಲೋ ಸಿಕ್ಕಿದರೆ ಅದೇ ಹಬ್ಬ.

ಓದೋಕೆ ತಮಿಳುನಾಡಿಗೆ ಹೋಗಬೇಕಿಲ್ಲ. ತುಂಗಭದ್ರಾ ಹಿನ್ನೀರು ನಮ್ಮ ಮನೆ ಬಾಗಿಲಲ್ಲೇ ಇದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. ಯಂತ್ರ ಕಟ್ಟಿ ನೋಡಿದಾಗ 7,000 ಮೀಟರ್ ಮೇಲೂ ಹಾರಿದ್ದು ದಾಖಲಾಗಿದೆ. ಕೆಲವಕ್ಕೆ ಮಂಗೋಲಿಯಾದಲ್ಲಿ ಕುತ್ತಿಗೆಗೆ ಬಣ್ಣದ ಪಟ್ಟಿ ಹಾಕಿರುತ್ತಾರೆ, ಅದರ ಮೇಲೆ ದೊಡ್ಡ ಅಕ್ಷರ, ಅಂಕಿ. ಮೈಸೂರು ಕಡೆ ಹದಿನಾರು ಕೆರೆಯಲ್ಲಿ ಅಂಥ ಹೆಬ್ಬಾತುಗಳನ್ನು ಜನ ನೋಡಿ ವರದಿ ಮಾಡಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಗೆ ಹೆಸರುವಾಸಿ. ನಮ್ಮ ಹಗರಿಬೊಮ್ಮನಹಳ್ಳಿ ಪಕ್ಕದ ಅಂಕಸಮುದ್ರ ಇದೆ. ಮಾಗಡಿ, ಅಂಕಸಮುದ್ರ ಎರಡೂ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು.

ಹಿಡಿಯೋದು ಬೇಡ, ಅನುಮತಿ ಬೇಡ, ಬಿಸಿಲು ಅವರ ಶಾಪವೂ ಬೇಡ. ಒಂದು ಸ್ಕೋಪ್ (ದೂರದ್ದನ್ನು ದೊಡ್ಡದಾಗಿ ತೋರಿಸುವ ದುರ್ಬೀನು) ಸಾಕು.

ಬಳ್ಳಾರಿ ಬಿಸಿಲು
ಇದಾದ್ರೆ ನಾನೂ ಬರುತ್ತೇನೆ.

ಹೊಸಪೇಟೆ ಹುಡುಗ
@ಹಿನ್ನೀರು ಅಣ್ಣ, ಅಂಕಸಮುದ್ರ ಈಗ ವಿಜಯನಗರ ಜಿಲ್ಲೆ. "ನಮ್ಮ" ಅನ್ನಬೇಡಿ.

ಹಿನ್ನೀರು
ಜಿಲ್ಲೆ ಒಡೆದಿದ್ದು 2021ರಲ್ಲಿ. ಹೆಬ್ಬಾತುಗಳಿಗೆ ಇನ್ನೂ ಆದೇಶದ ಪ್ರತಿ ತಲುಪಿಲ್ಲ.

ಮಸ್ಕಿ ಮಂದಿ
ಪಾರಿವಾಳದ ಕಾಲಲ್ಲಿ ಉಂಗುರ ಇದ್ರೆ? ನಮ್ಮ ಓಣಿಯಲ್ಲಿ ಒಂದು ಬಂದು ಕೂತಿತ್ತು, ಗೂಢಚಾರ ಅಂತ ಹುಡುಗರು ಪೊಲೀಸರಿಗೆ ಫೋನ್ ಮಾಡೋಕೆ ಹೊರಟಿದ್ದರು.

ತೋರಣಗಲ್ಲು ಟೆಕ್ಕಿ
ಅದು ರೇಸ್ ಪಾರಿವಾಳ. ಸಾಕಿದವರು ಹಾಕಿದ ಉಂಗುರ. ಮುಂಬೈನಲ್ಲಿ 2023ರ ಮೇ ತಿಂಗಳಲ್ಲಿ ಹೀಗೆ ಒಂದನ್ನು ಚೀನಾದ ಗೂಢಚಾರ ಅಂತ ಹಿಡಿದು, ಎಂಟು ತಿಂಗಳು ಇಟ್ಟುಕೊಂಡು, 2024ರ ಜನವರಿಯಲ್ಲಿ ಬಿಟ್ಟರು. ಕೊನೆಗೆ ನೋಡಿದರೆ ತೈವಾನ್‌ನ ರೇಸಿನ ಪಾರಿವಾಳ. ಜಾಮೀನು ಕೂಡ ಸಿಕ್ಕಿರಲಿಲ್ಲ ಪಾಪ.

ಲಿಂಗಸುಗೂರು ಲಾವಕ್ಕಿ
ನಿಜವಾದ ಸಂಶೋಧನೆಯ ಉಂಗುರ ಅಂತ ಗುರುತಿಸೋದು ಹೇಗೆ?

ಹಿನ್ನೀರು
ನಮ್ಮ ದೇಶದಲ್ಲಿ ಹಾಕಿದ್ದಾದರೆ "ಇನ್‌ಫಾರ್ಮ್ ಬಾಂಬೆ ನ್ಯಾಟ್. ಹಿಸ್ಟ್. ಸೊಸೈಟಿ" ಅಂತ ಇಂಗ್ಲಿಷ್‌ನಲ್ಲಿ ಕೆತ್ತಿರುತ್ತದೆ, ಜೊತೆಗೆ ಸಂಖ್ಯೆ. ಅಂದ್ರೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಅಂತ. ಹೊರಗಿನದಾದರೆ ಆ ದೇಶದ ಸಂಸ್ಥೆಯ ಹೆಸರು.

ಇದರ ಬಗ್ಗೆ ಒಂದು ಹೇಳಬೇಕು. ಹಿನ್ನೀರಿನ ಮೀನುಗಾರರ ಗುಡಿಸಲಲ್ಲಿ ಒಂದು ಸಲ ಚಹಾ ಕುಡಿಯುತ್ತಾ ಕೂತಿದ್ದೆ. ಅಂಬೆಗಾಲಿಡುವ ಮಗು. ಅದರ ಉಡಿದಾರದಲ್ಲಿ ತಾಯತದ ಪಕ್ಕ ಒಂದು ಬಿಳಿ ಲೋಹದ ಬಳೆ. ಹತ್ತಿರ ಹೋಗಿ ನೋಡಿದರೆ ಅಕ್ಷರ! ಮೀನಿನ ಬಲೆಗೆ ಬಾತುಕೋಳಿ ಬಿದ್ದು ಸತ್ತಿತ್ತಂತೆ, ಅದರ ಕಾಲಲ್ಲಿ ಇದ್ದದ್ದು. "ದೂರದಿಂದ ಬಂದಿದ್ದು, ಮಗುವಿಗೆ ಒಳ್ಳೆಯದಾಗುತ್ತದೆ" ಅಂತ ಅಜ್ಜಿ ಕಟ್ಟಿದ್ದರು. ಒಂದು ಕಡೆ ಸವೆದು ಎರಡು ಅಂಕಿ ಹೋಗೇ ಬಿಟ್ಟಿದ್ದವು. ಬೆಳಕಿಗೆ ಓರೆ ಹಿಡಿದು, ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಅಚ್ಚು ತೆಗೆದೆವು. ಮಗು ನಗ್ತಾ ಕೂತಿತ್ತು. ಅಜ್ಜಿ ಉಂಗುರ ಕೊಡಲಿಲ್ಲ. ನಾನೂ ಕೇಳಲಿಲ್ಲ, ಸಂಖ್ಯೆ ಸಾಕಲ್ವಾ.

ಯಾರಿಗಾದರೂ ಸಿಕ್ಕಿದರೆ ಸಂಖ್ಯೆ, ಜಾಗ, ದಿನಾಂಕ, ಫೋಟೊ, ಹಕ್ಕಿ ಬದುಕಿದೆಯಾ ಸತ್ತಿದೆಯಾ, ಇಷ್ಟು ಬರೆದು ಉಂಗುರದ ಮೇಲಿರುವ ಸಂಸ್ಥೆಗೆ ಕಳಿಸಿ. ಬದುಕಿದ ಹಕ್ಕಿಯ ಕಾಲಿನಿಂದ ಮಾತ್ರ ಉಂಗುರ ಬಿಚ್ಚಬೇಡಿ.

ಗಂಗಾವತಿ ಗದ್ದೆ
ಕಳಿಸಿದ್ರೆ ದುಡ್ಡು ಕೊಡ್ತಾರಾ?

ಹಿನ್ನೀರು
ಇಲ್ಲ. ಹಕ್ಕಿಗೆ ಎಲ್ಲಿ, ಯಾವಾಗ ಉಂಗುರ ಹಾಕಿದ್ದು ಅಂತ ತಿಳಿಸುತ್ತಾರೆ.

ಗಂಗಾವತಿ ಗದ್ದೆ
ಅಷ್ಟೇನಾ. ಆಯ್ತು, ಅದನ್ನಾದರೂ ಹೇಳಲಿ. ನಮ್ಮ ಜೋಳ ತಿಂದವನ ಊರು ಯಾವುದು ಅಂತ ಗೊತ್ತಾಗುತ್ತದೆ.

ಮಾನ್ವಿ ಮೇಷ್ಟ್ರು
ಸಿಪಿಲೆ ಕೇಳಿದ ಕೊನೆಯ ಪ್ರಶ್ನೆಗೆ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಉಂಗುರದಿಂದ ಗೊತ್ತಾಗೋದು ಏನು? ಆಯಸ್ಸು ಒಂದು. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ವಿಸ್ಡಮ್ ಅಂತ ಒಂದು ಆಲ್ಬಟ್ರಾಸ್ (ದೊಡ್ಡ ಕಡಲಹಕ್ಕಿ) ಇದೆ. 1956ರಲ್ಲಿ ಉಂಗುರ ಹಾಕಿದ್ದು. 2024ರ ಕೊನೆಗೂ ಮೊಟ್ಟೆ ಇಟ್ಟಿತು. ಅಂದ್ರೆ 70 ದಾಟಿದ ಅಜ್ಜಿ. ಉಂಗುರ ಇಲ್ಲದಿದ್ದರೆ ಅದೇ ಹಕ್ಕಿ ಅಂತ ಹೇಳೋಕೆ ಸಾಧ್ಯವೇ ಇರಲಿಲ್ಲ.

ಇನ್ನೊಂದು ನಮ್ಮ ರಾಜ್ಯದ್ದು, ಅಪ್ಪನಿಗೆ ಇದನ್ನು ಹೇಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನಕ್ಕೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ವೈರಸ್ ನೋಡಿದರೆ ರಷ್ಯಾ ಕಡೆಯ ಮೆದುಳು ಜ್ವರದ ವೈರಸ್‌ಗೆ ಹತ್ತಿರದ್ದು. ಅಲ್ಲಿಂದ ಇಲ್ಲಿಗೆ ಬಂದಿದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಜೊತೆ ಬಂದಿರಬಹುದಾ ಅಂತ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. 1959ರಿಂದ ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೊಡ್ಡ ಮಟ್ಟದಲ್ಲಿ ಹಕ್ಕಿಗಳಿಗೆ ಉಂಗುರ ಹಾಕತೊಡಗಿತು. ಉಂಗುರದ ಜೊತೆ ಉಣುಗು, ರಕ್ತದ ಮಾದರಿ ಕೂಡ ತೆಗೆದರು. ಹಕ್ಕಿಗಳ ಮೇಲಿನ ಆ ಆರೋಪ ಸಾಬೀತಾಗಲಿಲ್ಲ. ಆದರೆ ರಾಜಸ್ಥಾನದ ಭರತಪುರದ ಬಾತುಗಳು ಎಲ್ಲಿಂದ ಬರುತ್ತವೆ, ತಮಿಳುನಾಡು ಕರಾವಳಿಯ ಕೊಡಿಯಕ್ಕರೈನ ಗೊರವಗಳು (ನೀರಂಚಿನ ಹಕ್ಕಿಗಳು) ಎಲ್ಲಿಗೆ ಹೋಗುತ್ತವೆ ಅನ್ನೋದೆಲ್ಲ ಗೊತ್ತಾಗತೊಡಗಿದ್ದು ಆ ಕೆಲಸದಿಂದ.

ಮತ್ತೆ, ಹಕ್ಕಿ ಹಿಡಿದು ಕೊಟ್ಟವರು ಯಾರು ಗೊತ್ತಾ? ಬಿಹಾರದ ಮೀರ್‌ಶಿಕಾರಿಗಳು, ತಲೆತಲಾಂತರದಿಂದ ಹಕ್ಕಿ ಹಿಡಿಯುವ ಕಸುಬಿನವರು. ಗಾಯ ಆಗದ ಹಾಗೆ ಹಿಡಿಯುವ ಕೈಚಳಕ ಅವರದು. ಡಾಕ್ಟರೇಟ್ ಇದ್ದವರು ಅವರ ಪಕ್ಕ ಕೂತು ಕಲಿತರು. ಹಕ್ಕಿ ಹಿಡಿಯೋದು ಸಣ್ಣ ಕೆಲಸ ಅಂತ ಅಪ್ಪ ಅಂದುಕೊಂಡಿದ್ದರೆ ಇದೂ ಹೇಳಿ.

ಸಿಂಧನೂರು ಸಿಪಿಲೆ
ಮೇಷ್ಟ್ರೇ, ಮಂಗನ ಕಾಯಿಲೆಯ ವಿಷಯ ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅಲ್ಲಿ ಹಕ್ಕಿ ಜ್ವರ ಬಂದ್ರೆ?" ಅಂತ ಹೊಸ ಪ್ರಶ್ನೆ ತೆಗೆದರು 🤦‍♀️

ಕೊಪ್ಪಳ ಕಾಜಾಣ
ಸರಿಯಾದ ಪ್ರಶ್ನೆಯೇ, ಬೈಬೇಡ. 2005ರಲ್ಲಿ ಚೀನಾದ ಚಿಂಗ್ಹೈ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಹಕ್ಕಿ ಜ್ವರದಿಂದ ಸಾವಿರಗಟ್ಟಲೆ ಸತ್ತವು. ಹಕ್ಕಿಗಳು ಗುಂಪಾಗಿ ಸಾಯುತ್ತಿದ್ದರೆ ಬಲೆ ಹಾಕಬಾರದು, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬಾರದು, ಪಶುವೈದ್ಯ ಇಲಾಖೆಗೆ ತಿಳಿಸಬೇಕು. ಉಳಿದಂತೆ ಪ್ರತಿ ಸಲ ಕೈ ತೊಳೆಯೋದು, ಹಕ್ಕಿ ಮುಟ್ಟಿದ ಕೈಯಲ್ಲಿ ತಿನ್ನದಿರೋದು, ಚೀಲ ತೊಳೆಯೋದು. ಚೀಲದ ಬಗ್ಗೆ ನಾನು ಸುಮ್ನೆ ಒತ್ತಿ ಹೇಳಿದ್ದಲ್ಲ.

ಲಿಂಗಸುಗೂರು ಲಾವಕ್ಕಿ
ಊಟ ಹೇಗೆ ಅಲ್ಲಿ? ಮೂರು ಹೊತ್ತೂ ಅನ್ನನಾ?

ಕೊಪ್ಪಳ ಕಾಜಾಣ
ಮೂರು ಹೊತ್ತೂ ಅನ್ನ, ಸಾಂಬಾರು, ಮೀನು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗು ತಂಗಿ. ಎರಡನೇ ದಿನಕ್ಕೆ ಇಡೀ ಶಿಬಿರ ನಿನ್ನ ಡಬ್ಬಿ ಸುತ್ತ ಇರುತ್ತದೆ.

ಮಸ್ಕಿ ಮಂದಿ
ಒಗ್ಗರಣೆ ಮಿರ್ಚಿ ಸಿಗಲ್ಲ ಅಂದ್ರೆ ನಾನಂತೂ ಬರಲ್ಲ.

ಹೊಸಪೇಟೆ ಹುಡುಗ
ಮಿರ್ಚಿ ಅಂದ್ರೆ ಬಳ್ಳಾರಿದೋ ರಾಯಚೂರಿದೋ?

ವೇದಿಕೆ ಮೇಲ್ವಿಚಾರಕ
ಮಿರ್ಚಿ ಜಗಳಕ್ಕೆ ಬೇರೆ ಎಳೆ ಇದೆ. ಅಲ್ಲಿಗೆ ಹೋಗಿ.

ಸಿಂಧನೂರು ಸಿಪಿಲೆ
ಹೋಗೋದು ಹೇಗೆ ಅಂತಲೂ ಹೇಳಿಬಿಡಿ. ಮತ್ತೆ ಏನೇನು ತಗೊಂಡು ಹೋಗಲಿ?

ಕೊಪ್ಪಳ ಕಾಜಾಣ
ಬಳ್ಳಾರಿಗೆ ಬಂದು ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು. ಅಲ್ಲಿಂದ ನಾಗಪಟ್ಟಣದ ಕಡೆ. ಕೊಡಿಯಕ್ಕರೈ ಆದರೆ ಮುಂದೆ ಬಸ್ಸಲ್ಲಿ ವೇದಾರಣ್ಯಂ ದಾಟಿ ಹೋಗಬೇಕು. ನಮ್ಮ ಕಡೆ ಒಣ ಚಳಿ ಇರುವಾಗ ಅಲ್ಲಿ ಹಿಂಗಾರು ಮಳೆ ಹೊಯ್ಯುತ್ತಿರುತ್ತದೆ, ರೈನ್‌ಕೋಟ್ ಬೇಕೇ ಬೇಕು. ಮಣ್ಣಿನ ಬಣ್ಣದ ಬಟ್ಟೆ. ತಲೆಗೆ ಕಟ್ಟುವ ಟಾರ್ಚು. ಸೊಳ್ಳೆಗೆ ಓಡೋಮಸ್ ತಗೋ, ಆದರೆ ಹಚ್ಚಿದ ಕೈಯಲ್ಲಿ ಹಕ್ಕಿ ಮುಟ್ಟಬೇಡ. ಬಳೆ, ಉಂಗುರ, ಉದ್ದ ಉಗುರು ಬೇಡ, ಬಲೆಗೆ ಸಿಕ್ಕುತ್ತವೆ. ಗುಂಡಿ ಇರುವ ತೋಳಿನ ಅಂಗಿಯೂ ಬೇಡ. ಪೆನ್ನು ನೆಚ್ಚಿಕೊಳ್ಳಬೇಡ, ಪೆನ್ಸಿಲ್ ಒಯ್ಯಿ. ಮಳೆಯಲ್ಲಿ ಶಾಯಿ ಹರಿದುಹೋಗುತ್ತದೆ.

ಹೋಗುವ ಮುಂಚೆ ನಮ್ಮ ಸುತ್ತಲಿನ ಹಕ್ಕಿ ಗುರುತಿಸೋದು ಕಲಿ. ಹಿನ್ನೀರಿನಲ್ಲಿ ಗೊರವಗಳನ್ನು ನೋಡು, ಎಲ್ಲಾ ಒಂದೇ ಥರ ಕಾಣುತ್ತವೆ, ತಲೆ ಕೆಡುತ್ತದೆ. ಕೆಡಲಿ. ಅಲ್ಲಿ ಕೂಗಿದ ಹೆಸರು ಮೊದಲ ಸಲಕ್ಕೇ ಸರಿಯಾಗಿ ಬರೆಯೋಕೆ ಅದು ಬೇಕು.

ಯಲಬುರ್ಗಾ ಯುವಕ
ಬೈನಾಕ್ಯುಲರ್ ಯಾವುದು ತಗೊಳ್ಳಲಿ? 20x (ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸೋದು) ಒಂದು ಕಡಿಮೆಗೆ ಸಿಗ್ತಿದೆ.

ಹಿನ್ನೀರು
20x ಕೈಯಲ್ಲಿ ಹಿಡಿದರೆ ಬರೀ ನಡುಕ ಕಾಣುತ್ತದೆ, ಹಕ್ಕಿ ಅಲ್ಲ. 8x42 ತಗೋ. ಪಟ್ಟಿಯ ಅಕ್ಷರ ಓದೋಕೆ ಬೇಕಾದ ಸ್ಕೋಪ್ ನನ್ನ ಹತ್ತಿರ ಇದೆ. ಭಾನುವಾರ ಬೆಳಗ್ಗೆ ಮುನಿರಾಬಾದ್ ಕಡೆಯಿಂದ ಹೊರಡುತ್ತೇನೆ. ಸಿಪಿಲೆ, ಅಪ್ಪನನ್ನೂ ಕರೆದುಕೊಂಡು ಬಾರಮ್ಮ. ಬಿಸಿಲು ಅವರು ಬರುತ್ತೇನೆ ಅಂದಿದ್ದಾರೆ, ಮರೆತಿಲ್ಲ ನಾನು.

ಬಳ್ಳಾರಿ ಬಿಸಿಲು
ಬರುತ್ತೇನೆ. ದಾರಿಯುದ್ದಕ್ಕೂ ಜಗಳ ಆಡ್ತೀನಿ, ತಯಾರಿರಿ.

ಗಂಗಾವತಿ ಗದ್ದೆ
ನನ್ನ ಗಾಡಿಯಲ್ಲಿ ಮೂರು ಜನಕ್ಕೆ ಜಾಗ ಇದೆ. ಕಾರಟಗಿ ದಾರಿಯಲ್ಲಿ ಯಾರನ್ನಾದರೂ ಹತ್ತಿಸಿಕೊಳ್ಳಬೇಕಾದರೆ ಶನಿವಾರ ಸಂಜೆಯೊಳಗೆ ಹೇಳಿ.